ಫೋಟೋಗೆ ಸಿಗದ ಗೋಡೆ

ಆಗಸ್ಟ್ ೩, ಭಾನುವಾರ

ಈ ಡೈರಿಯನ್ನು ನಲ್ಲಿ ಕಂಪನಿಯವರು ಹೊಸ ವರ್ಷಕ್ಕೆ ನಾನು ಕೆಲಸ ಮಾಡುವ ನಲ್ಲಿ ಅಂಗಡಿಗೆ ಕೊಟ್ಟಿದ್ದರು. ಪ್ರತಿ ಪುಟದ ಅಡಿಯಲ್ಲೂ ಒಂದೊಂದು ನಲ್ಲಿಯ ಚಿತ್ರವಿದೆ. ಇಷ್ಟು ದಿನ ಖಾಲಿ ಬಿದ್ದಿತ್ತು. ಮನೆಯಲ್ಲಿ ಮಾತಾಡಲು ಯಾರೂ ಇಲ್ಲ, ಇದರಲ್ಲಾದರೂ ಏನಾದರೂ ಬರೆಯೋಣ ಅನಿಸಿತು.

ಬೆಳಿಗ್ಗೆ ಹೆಂಡತಿಯ ಫೋನ್ ಬಂತು. ಅವಳು ತನ್ನ ಅಕ್ಕನ ಮನೆಗೆ ಹೋಗಿ ಮೂರು ತಿಂಗಳಾಯಿತು. ಜಗಳ ಆಡಿ ಹೋಗಿದ್ದರೆ ರಾಜಿ ಮಾಡಿಕೊಳ್ಳಬಹುದಿತ್ತು. ಅವಳು ಸುಮ್ಮನೆ ಹೋದಳು, ನಾನೂ ಸುಮ್ಮನೆ ಬ್ಯಾಗು ಕೆಳಗಿಳಿಸಿಕೊಟ್ಟೆ.

"ಹಲೋ, ನಾನು" ಎಂದಳು. ಮದುವೆಯಾದಾಗಿನಿಂದ ಬಾಯಿ ತೆರೆದರೆ "ರೀ" ಅನ್ನುತ್ತಿದ್ದವಳು ಈಗ "ಹಲೋ, ನಾನು" ಅನ್ನುತ್ತಾಳೆ, ಕರೆಂಟ್ ಬಿಲ್ ಆಫೀಸಿಗೆ ಫೋನ್ ಮಾಡಿದವಳ ಹಾಗೆ.

"ಮನೆ ಮಾರಿಬಿಡೋಣ. ಇಬ್ಬರ ಹೆಸರಲ್ಲೂ ಇದೆ, ಇಬ್ಬರಿಗೂ ಬೇಡ" ಎಂದಳು. ನನಗೆ ಬೇಡ ಎಂದು ನಾನು ಯಾವತ್ತೂ ಹೇಳಿಲ್ಲ. ಆದರೂ "ಆಗ್ಲಿ" ಎಂದೆ. ನನ್ನ ಬಾಯಿಗೆ ಬರುವುದೇ ಅಷ್ಟು.

ಆಗಸ್ಟ್ ೫, ಮಂಗಳವಾರ

ದಲ್ಲಾಳಿಯನ್ನು ಕಂಡೆ. ಏನು ಹೇಳಿದರೂ "ಆಯ್ತು ಬಿಡಿ ಸಾರ್" ಅನ್ನುತ್ತಾನೆ, ಹಾಗಾಗಿ ಅವನಿಗೆ ಆಯ್ತುಬಿಡಿ ಎಂದೇ ಹೆಸರಿಟ್ಟಿದ್ದೇನೆ. ಜಾಹೀರಾತು ಹಾಕಲು ವಿವರ ಕೇಳಿದ.

"ಎಷ್ಟು ಬೆಡ್‌ರೂಮು ಸಾರ್?"

"ಎರಡು. ಇನ್ನೊಂದು ಸಾಮಾನಿನ ರೂಮು."

"ಆಯ್ತು ಬಿಡಿ. ಫೋಟೋ ನೀವೇ ತೆಗೆದು ಕಳ್ಸಿ."

ಸಂಜೆ ಅಂಗಡಿಯಿಂದ ಬಂದು ಟ್ಯೂಬ್‌ಲೈಟಿನ ಬೆಳಕಿನಲ್ಲಿ ಫೋನಿನಿಂದ ತೆಗೆದೆ. ಹಾಲಿನಲ್ಲಿ ಬಟ್ಟೆ ಒಣಗಿಸುವ ಸ್ಟ್ಯಾಂಡ್, ಅದರ ಮೇಲೆ ನನ್ನ ಬನಿಯನ್‌ಗಳು. ಅಡುಗೆಮನೆಯಲ್ಲಿ ತೊಳೆಯದ ಪಾತ್ರೆ, ಒಂದು ಮೂಲೆಯಲ್ಲಿ ನನ್ನ ಹೆಬ್ಬೆರಳು. ಬಚ್ಚಲಲ್ಲಿ ಕಮೋಡಿನ ಮುಚ್ಚಳ ತೆರೆದಿತ್ತು, ಆದರೆ ಪಕ್ಕದ ನಲ್ಲಿ ಚೆನ್ನಾಗಿ ಬಂದಿದೆ. ಸಾಮಾನಿನ ರೂಮಿನ ಬಾಗಿಲು ಹಾಕಿತ್ತು, ಬಾಗಿಲಿನದೇ ಒಂದು ಫೋಟೋ ತೆಗೆದೆ. ಇದ್ದದ್ದು ಇದ್ದ ಹಾಗೆ ಇರಲಿ, ಕೊಳ್ಳುವವರಿಗೆ ಯಾಕೆ ಮೋಸ ಮಾಡಬೇಕು?

ಹಾಗೆ ನೋಡಿದರೆ ಅಂಗಡಿಯಲ್ಲಿ ದಿನಾ ಬೆಳಿಗ್ಗೆ ನೀರೇ ಬರದ ನಲ್ಲಿಗಳನ್ನು ಸಾಲಾಗಿ ಒರೆಸಿ, ಮೇಲೆ ದೀಪ ಹಾಕಿ ಹೊಳೆಯುವಂತೆ ಮಾಡುವವನು ನಾನೇ. ಆದರೆ ಅದು ಅಂಗಡಿ.

ಆಗಸ್ಟ್ ೧೭, ಭಾನುವಾರ

ಅವಳ ಫೋನ್. ಯಾರಾದರೂ ಬಂದರಾ ಎಂದು ಕೇಳಿದಳು. ಇಲ್ಲ ಎಂದೆ. ಬೆಲೆ ಜಾಸ್ತಿಯಾಯಿತೇನೋ ಎಂದಳು. ಇರಬಹುದು ಎಂದೆ. ಕೆಮ್ಮು ಹೇಗಿದೆ ಎಂದು ಕೇಳಿದಳು. ಪರವಾಗಿಲ್ಲ ಎಂದೆ. ಕೆಮ್ಮು ಬಿಟ್ಟು ವಾರವಾಗಿದೆ.

ಒಂದು ಮಾತು ಇಲ್ಲಿ ಬರೆದರೆ ತಪ್ಪೇನಿಲ್ಲ. ಮನೆ ಮಾರಾಟವಾಗುವವರೆಗೆ ಅವಳು ಭಾನುವಾರ ಭಾನುವಾರ ನನಗೆ ಫೋನ್ ಮಾಡಲೇಬೇಕು. ಮಾರಾಟವಾದ ಮೇಲೆ ಮಾಡಲು ಕಾರಣವೇ ಇರುವುದಿಲ್ಲ. ನನಗೇನೂ ಅವಸರವಿಲ್ಲ.

ಆಗಸ್ಟ್ ೨೪, ಭಾನುವಾರ

ಕೊನೆಗೂ ಒಬ್ಬ ಬಂದ. ಮೆಟ್ಟಿಲು ಹತ್ತಿ ಏದುಸಿರು ಬಿಡುತ್ತ ಎಲ್ಲ ನೋಡಿದ. "ಫೋಟೋ ನೋಡಿದ್ರೆ ಬರೋದೇ ಬೇಡ ಅನಿಸಿತ್ತು. ಮನೆ ಅಷ್ಟೇನು ಕೆಟ್ಟದಾಗಿಲ್ಲ" ಎಂದು ಸರ್ಟಿಫಿಕೇಟ್ ಕೊಟ್ಟು ಹೋದ. ಮತ್ತೆ ಸುದ್ದಿಯಿಲ್ಲ.

ಅವಳಿಗೆ ಹೇಳಲು ಒಂದು ವಿಷಯ ಸಿಕ್ಕಿತು. ಅವಳು ಸ್ವಲ್ಪ ನಕ್ಕಳು.

ಆಗಸ್ಟ್ ೩೧, ಭಾನುವಾರ

ಇವತ್ತು ನಗಲಿಲ್ಲ. ಜಾಹೀರಾತನ್ನು ಅವಳ ಅಕ್ಕ ತೋರಿಸಿದರಂತೆ.

"ಇದು ನಮ್ಮ ಮನೇನಾ? ಕಳ್ಳತನ ಆದ್ಮೇಲೆ ಪೊಲೀಸ್ನೋರು ತೆಗೆದ ಹಾಗಿದೆ ಫೋಟೋ. ಬನಿಯನ್ ಯಾಕೆ ಅದರಲ್ಲಿ?"

"ಒಣಗ್ತಾ ಇತ್ತು."

"ನಿಮಗೆ ಮಾರೋಕೆ ಇಷ್ಟ ಇದೆಯೋ ಇಲ್ವೋ?"

ಉತ್ತರಕ್ಕೆ ಕಾಯದೆ ಅವಳೇ ಮತ್ತೆ ಕೇಳಿದಳು, ಈ ಸಲ ದನಿ ತಗ್ಗಿಸಿ. "ಎರಡು ಬೆಡ್‌ರೂಮು ಅಂತ ಯಾರು ಹಾಕಿದ್ದು?"

"ನಾನೇ ಹೇಳಿದೆ. ಎರಡೇ ಅಲ್ವಾ?"

"ಮೂರು" ಎಂದು ಫೋನ್ ಇಟ್ಟಳು.

ಸೆಪ್ಟೆಂಬರ್ ೧, ಸೋಮವಾರ

ಮೂರು ಅಂತ ತಿದ್ದಿಸಿದೆ. ಆಯ್ತು ಬಿಡಿ ಸಾರ್ ಎಂದ.

ಸೆಪ್ಟೆಂಬರ್ ೭, ಭಾನುವಾರ

ಅವಳೇ ಒಬ್ಬರು ಫೋಟೋದವರನ್ನು ಗೊತ್ತುಮಾಡಿದ್ದಾಳೆ. ಹೆಂಗಸು, ನಲವತ್ತರ ಆಸುಪಾಸು, ವಿಪರೀತ ಮಾತು. ಮಾರುವ ಮನೆಗಳ ಫೋಟೋ ತೆಗೆಯುವುದನ್ನೇ ಒಂದು ಕೆಲಸ ಮಾಡಿಕೊಂಡವರು ಇರುತ್ತಾರೆ ಎಂದು ನನಗೆ ಗೊತ್ತಿರಲಿಲ್ಲ. ಇವತ್ತು ಕ್ಯಾಮೆರಾ ತರದೆ ಬರಿಗೈಯಲ್ಲಿ ಬಂದು ಎಲ್ಲ ಕಿಟಕಿ ತೆರೆದು ಮುಚ್ಚಿ ನೋಡಿದರು. ಹಾಲಿಗೆ ಬೆಳಗಿನ ಬಿಸಿಲು, ಬೆಡ್‌ರೂಮಿಗೆ ಸಂಜೆಯದು ಎಂದು ತಮಗೆ ತಾವೇ ಹೇಳಿಕೊಂಡರು. ಫ್ರಿಜ್ಜಿನ ಮೇಲೆ ಅಂಟಿಸಿದ್ದೆಲ್ಲ ಕಿತ್ತುಹಾಕಿ, ಟವೆಲ್ ಮಡಚಿ, ಚಪ್ಪಲಿ ಒಂದೂ ಕಾಣಬಾರದು ಎಂದರು.

"ಯಾರೂ ವಾಸ ಮಾಡ್ತಿಲ್ಲ ಅನ್ನೋ ಥರಾನಾ?" ಎಂದು ಕೇಳಿದೆ.

"ಉಹೂಂ. ಯಾರೋ ಈಗಷ್ಟೇ ಹೊರಗೆ ಹೋಗಿದ್ದಾರೆ, ಇನ್ನೇನು ಬಂದ್ಬಿಡ್ತಾರೆ ಅನ್ನೋ ಥರ ಇರ್ಬೇಕು."

ಆಮೇಲೆ ಸಾಮಾನಿನ ರೂಮು ತೆಗೆಸಿದರು. ಅಂಗಡಿಯ ರಟ್ಟಿನ ಪೆಟ್ಟಿಗೆಗಳು, ಹಳೆಯ ಪೈಪು, ಮುರಿದ ಸ್ಟೂಲು. ಮೂರು ಗೋಡೆ ತಿಳಿ ಹಳದಿ. ಬಾಗಿಲ ಪಕ್ಕದ ನಾಲ್ಕನೇ ಗೋಡೆಯಲ್ಲಿ ಮೇಲಿನಿಂದ ಒಂದಷ್ಟು ಹಳದಿ, ಕೆಳಗೆಲ್ಲ ಬರೀ ಪುಟ್ಟಿ. "ಇದೇನು, ಅರ್ಧಕ್ಕೆ ಬಿಟ್ಟಿದೀರಿ?" ಎಂದರು. ಪುರುಸೊತ್ತಾಗಲಿಲ್ಲ ಎಂದೆ.

ಹೋದ ವರ್ಷ ಅವಳಿಗೆ ಏಳು ತಿಂಗಳಾಗಿತ್ತು. ನಾನು ರಜೆ ಹಾಕಿ ಬಣ್ಣ ಬಳಿಯುತ್ತಿದ್ದೆ. ಅವಳು ತಪಾಸಣೆಗೆಂದು ಅಕ್ಕನ ಜೊತೆ ಹೋಗಿದ್ದಳು. ಆಸ್ಪತ್ರೆಯಿಂದ ಫೋನ್ ಬಂತು, ಮಗುವಿನ ಎದೆಬಡಿತ ಸಿಗುತ್ತಿಲ್ಲ ಎಂದು. ಬ್ರಷ್ ಇಟ್ಟು ಹೋದೆ. ಅಷ್ಟೇ.

ಫೋಟೋದವರು ಆ ಗೋಡೆಯನ್ನೇ ಸ್ವಲ್ಪ ಹೊತ್ತು ನೋಡಿ, "ತೊಂದ್ರೆ ಇಲ್ಲ, ಇದಕ್ಕೆ ಬೆನ್ನು ಮಾಡಿ ನಿಂತ್ರೆ ಆಯ್ತು. ನಾನು ನಿಂತ್ಕೊಂಡಿರೋ ಗೋಡೆ ಫೋಟೋದಲ್ಲಿ ಬರಲ್ಲ" ಎಂದರು. ಮನಸ್ಸಿಗೆ ಹಾಯೆನಿಸಿತು.

ಸೆಪ್ಟೆಂಬರ್ ೧೩, ಶನಿವಾರ

ಸೊಂಟ ಬಿದ್ದುಹೋಗಿದೆ. ಪೆಟ್ಟಿಗೆಗಳನ್ನೆಲ್ಲ ಅಂಗಡಿಯ ಗೋಡೌನಿಗೆ ಸಾಗಿಸಿದೆ. ಯಜಮಾನರು ಮೂಗು ಮುರಿದರು. ಮನೆಯ ನಲ್ಲಿಗಳನ್ನೆಲ್ಲ ಅಂಗಡಿಯ ಪುಡಿ ತಂದು ಉಜ್ಜಿದೆ. ನಾಳೆ ಅವಳು ಬರುತ್ತಾಳಂತೆ. ಕ್ಷೌರ ಮಾಡಿಸಿಕೊಂಡೆ.

ಸೆಪ್ಟೆಂಬರ್ ೧೪, ಭಾನುವಾರ

ಬಂದಳು. ಇಳಿದು ಹೋಗಿದ್ದಾಳೆ. ನೀಲಿ ಕಾಟನ್ ಕುರ್ತಾ, ಕೂದಲು ಎತ್ತಿ ಕಟ್ಟಿದ್ದಳು. ಬಾಗಿಲಲ್ಲಿ ನಿಂತು ನೆಂಟರ ಮನೆಗೆ ಬಂದವಳ ಹಾಗೆ ಕಣ್ಣಾಡಿಸಿದಳು. ನಾನು "ಬಾ" ಎಂದು ಕರೆದೆ. ಅವಳ ಮನೆಗೇ ಅವಳನ್ನು ಕರೆಯಬೇಕಾಯಿತು.

ಫೋಟೋದವರು ಹಾಲಿನ ಮೂಲೆಯಲ್ಲಿ ಮೂರು ಕಾಲಿನ ಸ್ಟ್ಯಾಂಡ್ ಹೂಡಿದರು, ಕ್ಯಾಮೆರಾ ಎದೆಮಟ್ಟಕ್ಕಿತ್ತು. ನಮ್ಮಿಬ್ಬರಿಗೂ ಕೆಲಸ ಹಚ್ಚಿದರು. ಸೋಫಾ ಒಂದು ಗೇಣು ಮುಂದೆ, ಪರದೆ ಅರ್ಧ. ಅವಳು ಕಪಾಟಿನಿಂದ ಬಿಳಿ ಹಾಸಿಗೆ ಬಟ್ಟೆ ತೆಗೆದಳು. ಅದು ಎಲ್ಲಿದೆ ಎಂದು ನನಗೆ ಗೊತ್ತೇ ಇರಲಿಲ್ಲ, ಅವಳು ನೋಡದೆಯೇ ಕೈ ಹಾಕಿ ಎಳೆದಳು. ಎರಡು ತುದಿ ಅವಳು ಹಿಡಿದು, ಉಳಿದದ್ದನ್ನು ನನ್ನ ಕಡೆ ಎಸೆದಳು.

"ರೀ, ಆ ಕಡೆ ಸ್ವಲ್ಪ ಬಿಗಿಯಾಗಿ ಎಳೀರಿ."

ಅವಳಿಗೆ ತಿಳಿಯಲೂ ಇಲ್ಲ. ನನ್ನ ಕಿವಿಗೆ ಮಾತ್ರ ಬಿತ್ತು. ಆಮೇಲೆ ಏನು ಎಳೆದೆನೋ ಏನು ಒರೆಸಿದೆನೋ ನೆನಪಿಲ್ಲ, ಇಡೀ ಬೆಳಿಗ್ಗೆ ಆ ಒಂದು "ರೀ" ಹಿಡಿದುಕೊಂಡೇ ಓಡಾಡಿದೆ. ಮನೆ ಅಷ್ಟು ಚೆಂದ ಯಾವತ್ತೂ ಕಂಡಿರಲಿಲ್ಲ. ಅವಳಿಗೂ ಹಾಗೇ ಕಂಡಿರಬೇಕು, ಅಡುಗೆಮನೆಯ ಕಟ್ಟೆಯ ಮೇಲೆ ಕೈ ಸವರಿ ಸ್ವಲ್ಪ ಹೊತ್ತು ನಿಂತಿದ್ದಳು.

ಸಾಮಾನಿನ ರೂಮಿನ ಕಡೆ ಅವಳು ಹೋಗಲಿಲ್ಲ. ಅದೊಂದೇ ಬಾಕಿ ಎಂದಾಗ ಬ್ಯಾಗು ತೆಗೆದುಕೊಂಡು, ಅಕ್ಕ ಕಾಯ್ತಿರ್ತಾಳೆ ಎಂದು ಹೊರಟಳು.

ಅವಳು ಹೋದ ಮೇಲೆ ಫೋಟೋದವರು ಕೇಳಿದರು. "ಖಾಲಿ ರೂಮು ಫೋಟೋದಲ್ಲಿ ಚಿಕ್ಕದಾಗಿ ಕಾಣುತ್ತೆ. ಕಾರಲ್ಲಿ ಮಗು ಮಂಚ ಇದೆ, ನಾಲ್ಕು ಆಟದ ಸಾಮಾನಿದೆ. ಹಳದಿ ಗೋಡೆಗೆ ಚೆನ್ನಾಗಿ ಹೊಂದುತ್ತೆ. ಇಡ್ಲಾ?"

"ಆಯ್ತು ಬಿಡಿ" ಎಂದೆ. ಆ ದಲ್ಲಾಳಿಯ ಸಹವಾಸ.

ಮಂಚದ ಬಿಡಿ ಭಾಗಗಳನ್ನು ಮೇಲಕ್ಕೆ ಹೊತ್ತು ತಂದವನು ನಾನೇ, ಸ್ಕ್ರೂ ಬಿಗಿ ಮಾಡಿದವನೂ ನಾನೇ. ಬಿಳಿ ಮಂಚ, ಅದರಲ್ಲೊಂದು ಬಟ್ಟೆಯ ಆನೆ, ಕಿಟಕಿಯ ಕೆಳಗೆ ಪುಟ್ಟ ಕುರ್ಚಿ. ಅವರು ನಾಲ್ಕನೇ ಗೋಡೆಗೆ ಅಂಟಿಕೊಂಡಂತೆ ನಿಂತು ಒಂದಾದ ಮೇಲೊಂದು ತೆಗೆದರು. ಮುಗಿದ ಮೇಲೆ ಬಿಚ್ಚಿ ಕಾರಿಗೆ ತುಂಬಿಕೊಂಡು ಹೋದರು. ಕೆಳಗಿಳಿಸುವಾಗ ಆನೆ ನನ್ನ ಕಂಕುಳಲ್ಲಿತ್ತು, ಕೊಡಲು ಮರೆತಿದ್ದೆ. ಅವರೇ ಕೈಚಾಚಿ ಕೇಳಿದರು.

ಸೆಪ್ಟೆಂಬರ್ ೧೬, ಮಂಗಳವಾರ

ಫೋಟೋಗಳು ಬಂದವು, ದಲ್ಲಾಳಿಗೂ ಹೋಗಿವೆ. ಅಂಗಡಿಯಲ್ಲಿ ಗಿರಾಕಿಯನ್ನು ನಿಲ್ಲಿಸಿಕೊಂಡೇ ನೋಡಿದೆ. ಹಾಲಿಗೆ ಬಿಸಿಲು ಬಂದು ಕೂತಿದೆ. ಬೆಡ್‌ರೂಮಿನಲ್ಲಿ ನಾವಿಬ್ಬರೂ ಎಳೆದು ಹಾಸಿದ ಬಿಳಿ ಬಟ್ಟೆ, ಒಂದು ಸುಕ್ಕಿಲ್ಲ. ಇಲ್ಲಿ ಯಾರೋ ಸುಖವಾಗಿದ್ದಾರೆ ಎಂದು ಯಾರಾದರೂ ಹೇಳಿಬಿಡುತ್ತಾರೆ. ನನಗೇ ಆ ಮನೆಗೆ ಹೋಗಿ ಇರೋಣ ಅನಿಸಿತು.

ಅವಳಿಗೂ ಅನಿಸದೆ ಇರುತ್ತದೆಯೇ? ಇದನ್ನು ನೋಡಿದರೆ ಮಾರುವುದು ಬೇಡ ಎಂದೇ ಅನ್ನಬಹುದು. ಎಲ್ಲವನ್ನೂ ಒಟ್ಟಿಗೆ ಅವಳಿಗೆ ಕಳಿಸಿ, "ಹೇಗಿದೆ?" ಎಂದು ಕೇಳಿದೆ.

ಸೆಪ್ಟೆಂಬರ್ ೧೭, ಬುಧವಾರ

ನೋಡಿದ್ದಾಳೆ. ನೋಡಿದ ಗುರುತು ಬಂದಿದೆ. ಉತ್ತರವಿಲ್ಲ.

ಸೆಪ್ಟೆಂಬರ್ ೧೮, ಗುರುವಾರ

ಅವಳ ಅಕ್ಕ ಫೋನ್ ಮಾಡಿದರು. ಎಂದೂ ಗಟ್ಟಿಯಾಗಿ ಮಾತಾಡಿದವರಲ್ಲ.

"ನಿಮಗೆ ಏನಾದ್ರೂ ಅನ್ಸುತ್ತಾ? ಆ ರೂಮಲ್ಲಿ ಮಂಚ ಇಟ್ಟು ಫೋಟೋ ತೆಗ್ಸಿದೀರಿ. ಅದನ್ನ ಅವಳಿಗೇ ಕಳ್ಸಿ ಹೇಗಿದೆ ಅಂತ ಬೇರೆ ಕೇಳ್ತೀರಿ. ಮಂಚ ತರೋಣ ಅಂತ ಅವಳು ಎಷ್ಟು ಸಲ ಕೇಳಿರ್ಲಿಲ್ಲ ಆಗ? ಆಮೇಲೆ ನೋಡೋಣ, ಆಮೇಲೆ ನೋಡೋಣ ಅಂತಿದ್ರಿ. ಮೊನ್ನೆಯಿಂದ ಅನ್ನದ ತಟ್ಟೆ ಮುಟ್ಟಿಲ್ಲ ಅವಳು. ಇನ್ಮೇಲೆ ಮನೆ ವಿಷಯ ಏನಿದ್ರೂ ನನ್ನ ಹತ್ರ ಮಾತಾಡಿ."

ಅವರು ಹೇಳಿದ್ದು ನಿಜ. ಆಮೇಲೆ ನೋಡೋಣ ಎಂದದ್ದು ನಿಜ, ಆನೆಯನ್ನು ಕಂಕುಳಲ್ಲಿ ಇಟ್ಟುಕೊಂಡವನಿಗೆ ಅವಳ ನೆನಪು ಬರಲಿಲ್ಲ ಎಂಬುದೂ ನಿಜ.

ಆ ಒಂದು ಫೋಟೋ ತೆಗೆದುಹಾಕು ಎಂದು ದಲ್ಲಾಳಿಗೆ ಹೇಳಿದೆ. ಮೊದಲ ಸಲ ಅವನ ಬಾಯಲ್ಲಿ ಆಯ್ತು ಬಿಡಿ ಬರಲಿಲ್ಲ. "ಏನ್ ಸಾರ್, ಎಲ್ಲರೂ ಅದನ್ನ ನೋಡೇ ಫೋನ್ ಮಾಡ್ತಿರೋದು" ಎಂದ. ನಾನೂ ಒತ್ತಾಯಿಸಲಿಲ್ಲ, ಫೋಟೋ ಹಾಗೇ ಉಳಿಯಿತು.

ಸೆಪ್ಟೆಂಬರ್ ೨೧, ಭಾನುವಾರ

ಅವಳ ಫೋನ್ ಇಲ್ಲ. ಜನವೋ ಜನ. ಒಬ್ಬರು ಇಳಿಯುವಾಗ ಇನ್ನೊಬ್ಬರು ಹತ್ತುತ್ತಿದ್ದರು. ಆಗಸ್ಟ್ ತಿಂಗಳಿಡೀ ಒಬ್ಬನೇ ಒಬ್ಬ ಬಂದಿದ್ದ ಮನೆಯಿದು, ಒಂದು ಇಟ್ಟಿಗೆಯೂ ಬದಲಾಗಿಲ್ಲ. ಬದಲಾಗಿದ್ದು ಫೋಟೋ ಮಾತ್ರ.

ಎಲ್ಲರೂ ಹಾಲು ದಾಟಿ ನೇರ ಆ ರೂಮಿಗೇ ಹೋಗುತ್ತಾರೆ. ಒಬ್ಬಳು ಪುಟ್ಟ ಹುಡುಗಿ ಒಳಗೆ ಹೋಗಿ ಸುತ್ತ ನೋಡಿ, "ಆನೆ ಎಲ್ಲಿ?" ಎಂದು ನನ್ನನ್ನು ಕೇಳಿದಳು. ಅವಳ ಅಮ್ಮ ನಾಚಿಕೊಂಡು, "ಇದು ಮಗು ರೂಮು ಅಲ್ವಾ?" ಎಂದರು. ಹೌದು ಎಂದೆ. ಅದಕ್ಕೇನು, ಬಂದವರಿಗೆ ಹಾಗೆ ಹೇಳುವುದೇ ಸುಲಭ. ಸಂಜೆಯವರೆಗೆ ಎಷ್ಟು ಜನಕ್ಕೆ ಮಗುವಿನ ರೂಮು ತೋರಿಸಿದೆನೋ ಲೆಕ್ಕವಿಲ್ಲ.

ಸೆಪ್ಟೆಂಬರ್ ೨೮, ಭಾನುವಾರ

ಇವತ್ತು ಮರ್ಯಾದೆ ಕಳೆದುಕೊಂಡೆ.

ಗಂಡ ಹೆಂಡತಿ ಬಂದಿದ್ದರು, ಆಕೆ ಬಸುರಿ. ಮಗುವಿನ ರೂಮಿನೊಳಗೆ ಹೋಗಿ ಕಿಟಕಿ ನೋಡಿ ಆಕೆ ಹಿಂದಕ್ಕೆ ತಿರುಗಿದರು. ಫೋಟೋದಲ್ಲಿ ಇಲ್ಲದ ಗೋಡೆ ಎದುರಿಗೆ ಬಂತು.

"ಇದೊಂದು ಯಾಕೆ ಹೀಗಿದೆ?"

ಪುರುಸೊತ್ತಾಗಲಿಲ್ಲ ಎಂದು ಹೇಳಲು ಬಾಯಿ ತೆರೆದೆ. ಬೇರೆಯದೇ ಬಂತು. ಬಣ್ಣ ಬಳಿಯುತ್ತಿದ್ದೆ, ಫೋನ್ ಬಂತು, ಆಸ್ಪತ್ರೆಗೆ ಹೋದೆ, ಹೆಣ್ಣು ಮಗು, ಕೈಗೆ ಕೊಟ್ಟರು, ತೂಕವೇ ಇರಲಿಲ್ಲ, ಕೂದಲು ಮಾತ್ರ ತುಂಬಾ ಇತ್ತು ಎಂದೆಲ್ಲ ಹೇಳಿಬಿಟ್ಟೆ. ಬಸುರಿ ಹೆಂಗಸಿನ ಮುಂದೆ ಆಡುವ ಮಾತೇ ಅದು? ನಾಲಿಗೆ ಕಚ್ಚಿಕೊಳ್ಳುವಷ್ಟರಲ್ಲಿ ನೆಲದ ಮೇಲೆ ಕೂತಿದ್ದೆ. ದನಿ ತೆಗೆದು ಅತ್ತೆ. ಆ ಗಂಡ ನನ್ನ ಅಡುಗೆಮನೆಗೆ ಹೋಗಿ ನನಗೇ ನೀರು ತಂದುಕೊಟ್ಟ. ಆಕೆ ಪಕ್ಕದಲ್ಲಿ ನಿಂತು, ಮಗುವಿನ ತಾಯಿ ಹೇಗಿದ್ದಾರೆ ಎಂದು ಕೇಳಿದರು. ಗೊತ್ತಿಲ್ಲ ಎಂದೆ. ಕೇಳಿಲ್ಲ ಎಂದೆ.

ಅವರಂತೂ ಇನ್ನು ಕೊಳ್ಳುವುದಿಲ್ಲ. ತಲೆ ಭಾರವಾಗಿದೆ. ಆದರೆ ಹಸಿವಾಗಿತ್ತು, ಹೊಟ್ಟೆ ತುಂಬ ಉಂಡೆ.

ಅಕ್ಟೋಬರ್ ೧೨, ಭಾನುವಾರ

ಮನೆ ಹೋಯಿತು. ಇಬ್ಬರು ಪೈಪೋಟಿಗೆ ಬಿದ್ದು ನಾವು ಕೇಳಿದ್ದಕ್ಕಿಂತ ಹೆಚ್ಚೇ ಬಂತು. ಆಯ್ತುಬಿಡಿ ಕುಣಿಯುವುದೊಂದು ಬಾಕಿ.

ಕೊಂಡವರು ಹೆಣ್ಣುಮಕ್ಕಳ ಬಟ್ಟೆ ಹೊಲಿಯುವ ಟೈಲರಮ್ಮ. ಮಕ್ಕಳೆಲ್ಲ ದೊಡ್ಡವರಾಗಿದ್ದಾರಂತೆ. ಮಗುವಿನ ರೂಮಿನಲ್ಲಿ ಟೇಪು ಬಿಟ್ಟು ಅಳೆದು, "ಫೋಟೋದಲ್ಲಿ ಮಂಚ ಇತ್ತಲ್ಲ, ಆ ಜಾಗಕ್ಕೆ ಕಟಿಂಗ್ ಟೇಬಲ್ ಬರುತ್ತೆ ಅಂತ ಅವತ್ತೇ ಅಂದ್ಕೊಂಡೆ. ಬೆಳಕು ಎಷ್ಟು ಚೆನ್ನಾಗಿದೆ ನೋಡಿ" ಎಂದರು. ನಾಲ್ಕನೇ ಗೋಡೆಯ ಬಗ್ಗೆ ಕೇಳಲೇ ಇಲ್ಲ. ಎಲ್ಲದಕ್ಕೂ ಬಿಳಿ ಬಳಿಸುತ್ತಾರಂತೆ, ಬಟ್ಟೆಯ ಬಣ್ಣ ಸರಿಯಾಗಿ ಕಾಣಬೇಕಲ್ಲ.

ಅವಳ ಅಕ್ಕನಿಗೆ ತಿಳಿಸಿದೆ. ಸರಿ, ಹೇಳ್ತೀನಿ ಎಂದರು.

ಅಕ್ಟೋಬರ್ ೧೯, ಭಾನುವಾರ

ಫೋಟೋದವರನ್ನು ಕರೆಸಿದೆ. ಬಿಳಿ ಬಳಿಸುವ ಮೊದಲು ಆ ಗೋಡೆಯದೊಂದು ಫೋಟೋ ಬೇಕಿತ್ತು. ನನ್ನ ಫೋನಿನಲ್ಲಿ ತೆಗೆದು ನೋಡಿದ್ದೆ, ಕೊಳೆ ಹಿಡಿದ ಗೋಡೆಯ ಹಾಗೆ ಬಂತು. ಅದು ಕೊಳೆಯಲ್ಲ.

ಯಾಕೆಂದು ಹೇಳಿದೆ. ಈಗ ಹೇಳಲು ಬರುತ್ತದೆ.

"ಮೊದಲೇ ಹೇಳಿದ್ರೆ ನಾನು ಮಂಚ ಇಡ್ತಿರ್ಲಿಲ್ಲ" ಎಂದರು.

"ಮೊದಲೇ ನನಗೂ ಗೊತ್ತಿರ್ಲಿಲ್ಲ" ಎಂದೆ.

ಕಿಟಕಿಗೆ ಬೆನ್ನು ಮಾಡಿ, ಬಿಸಿಲು ಓರೆಯಾಗುವವರೆಗೆ ಕಾದು ತೆಗೆದರು. ಬ್ರಷ್ಷಿನ ಗೆರೆಗಳೆಲ್ಲ ಒಂದೊಂದಾಗಿ ಕಾಣುತ್ತವೆ. ಕೊನೆಯ ಗೆರೆ ಅರ್ಧದಲ್ಲೇ ತೆಳುವಾಗಿ ನಿಂತಿದೆ, ಅದರ ಕೆಳಗೆ ಎರಡು ಹನಿ ಇಳಿದು ಒಣಗಿವೆ.

ಅವಳಿಗೆ ಕಳಿಸಿದೆ. ಹೇಗಿದೆ ಎಂದು ಕೇಳಲಿಲ್ಲ. "ಫೋನ್ ಬಂದಾಗ ಇಲ್ಲಿದ್ದೆ. ಆಮೇಲೆ ಕೈ ಏಳಲಿಲ್ಲ. ಪೆಟ್ಟಿಗೆ ತುಂಬಿಸಿ ಬಾಗಿಲು ಹಾಕಿಬಿಟ್ಟೆ. ನಿನ್ನ ಹತ್ತಿರ ಹೇಳಬೇಕಿತ್ತು" ಎಂದು ಬರೆದೆ.

ಅಕ್ಟೋಬರ್ ೨೫, ಶನಿವಾರ

ಉತ್ತರವಿಲ್ಲ. ಬಾಡಿಗೆಗೆ ಒಂದು ರೂಮು ನೋಡಿದೆ. ನಲ್ಲಿ ಸೋರುತ್ತದೆ, ಅದೊಂದು ನನ್ನ ಕೈಯಲ್ಲಾಗುವ ಕೆಲಸ.

ನವೆಂಬರ್ ೩, ಸೋಮವಾರ

ರಿಜಿಸ್ಟ್ರಾರ್ ಆಫೀಸು. ನಾನು, ಅವಳು, ಟೈಲರಮ್ಮ, ಆಯ್ತುಬಿಡಿ. ಸಹಿ, ಹೆಬ್ಬೆಟ್ಟು, ಮತ್ತೆ ಸಹಿ. ಮುಗಿಯುವಾಗ ಮಧ್ಯಾಹ್ನವಾಗಿತ್ತು. ಅವಳ ಅಕ್ಕ ಬಂದಿರಲಿಲ್ಲ. ಬಸ್ ಸ್ಟಾಪಿನವರೆಗೆ ಬರಲಾ ಎಂದು ಕೇಳಿದೆ. ಬೇಡ ಅನ್ನಲಿಲ್ಲ.

ಸ್ಟಾಪಿನ ಕಲ್ಲುಬೆಂಚಿನ ಮೇಲೆ ಕೂತೆವು. ಅವಳೇ ಶುರು ಮಾಡಿದಳು.

"ಗೋಡೆ ಫೋಟೋ ನೋಡ್ದೆ. ದಿನಾ ನೋಡ್ತೀನಿ. ಆಸ್ಪತ್ರೆಯಿಂದ ಬಂದಾಗ ಆ ಬಾಗಿಲು ಹಾಕಿತ್ತು. ನೀವು ಮಾರನೇ ದಿನಾನೇ ಅಂಗಡಿಗೆ ಹೋದ್ರಿ. ಒಂದು ಮಾತೂ ಇಲ್ಲ. ಆಗಿದ್ದು ನನಗೊಬ್ಬಳಿಗೇ ಅಂದ್ಕೊಂಡ್ಬಿಟ್ಟೆ."

"ಅಲ್ಲ" ಎಂದೆ. "ಅವಳಿಗೆ ಕೂದಲು ತುಂಬಾ ಇತ್ತು."

ಅವಳು ನನ್ನ ಮುಖ ನೋಡಿದಳು. ನೋಡಿ ಎಷ್ಟು ದಿನವಾಗಿತ್ತೋ. ಆಮೇಲೆ ಅಳತೊಡಗಿದಳು, ನಾನೂ ಅತ್ತೆ, ಬಸ್ಸಿಗೆ ಕಾಯುತ್ತಿದ್ದ ಮುದುಕರೊಬ್ಬರು ಎದ್ದು ಆಚೆ ಹೋಗಿ ನಿಂತರು.

ಮನಸ್ಸಿನಲ್ಲಿ ಇಟ್ಟುಕೊಂಡು ಕೆಟ್ಟದ್ದು ಸಾಕು ಎಂದು ಕೇಳಿಯೇ ಬಿಟ್ಟೆ. "ವಾಪಸ್ ಬರಲ್ವಾ? ಬೇರೆ ಮನೆ ನೋಡೋಣ."

ಅವಳು ಬಹಳ ಹೊತ್ತು ಯೋಚಿಸಿದಳು. ಸುಮ್ಮನೆ ಇಲ್ಲ ಅನ್ನಲಿಲ್ಲ, ಅಷ್ಟಾದರೂ ನನಗೆ ಸಿಕ್ಕಿತು. "ಇಲ್ಲ ರೀ. ಆಗಲ್ಲ ನನ್ನಿಂದ. ನಿಮ್ಮ ಮೇಲೆ ಕೋಪ ಇಲ್ಲ ಈಗ. ಆದ್ರೂ ಆಗಲ್ಲ."

ಬಸ್ಸು ದೂರದಲ್ಲಿ ಕಾಣಿಸಿತು. ಅವಳು ಎದ್ದು ಬ್ಯಾಗು ಹೆಗಲಿಗೆ ಹಾಕಿಕೊಂಡಳು. ಬಸ್ಸು ನಿಂತ ಮೇಲೆ, ಒಂದು ಕಾಲು ಮೆಟ್ಟಿಲ ಮೇಲಿಟ್ಟು ತಿರುಗಿದಳು.

"ನಾನವಳಿಗೆ ಹೆಸರಿಟ್ಟಿದ್ದೆ. ಯಾರಿಗೂ ಹೇಳಿಲ್ಲ" ಎಂದು ಹೆಸರು ಹೇಳಿದಳು.

ಬಸ್ಸಿನ ಸದ್ದಿನಲ್ಲಿ ಕೇಳಿಸಲಿಲ್ಲ ಎಂದೆ. ಇನ್ನೊಂದು ಸಲ ಹೇಳಿದಳು. ಮೊದಲ ಸಲವೇ ಕೇಳಿಸಿತ್ತು.